ಓದೋಕೆ ಬರುತ್ತೆ, ಮಾಡುವಾಗ ತಪ್ಪುತ್ತೆ: ಎಲೆಕ್ಟ್ರಿಷಿಯನ್ ತರಗತಿಯ ಇಂಗ್ಲಿಷ್, ಒಂದು ಪ್ರಕರಣ ಅಧ್ಯಯನ

ಶಿಕ್ಷಕರ ತರಬೇತಿಯ ಭಾಗವಾಗಿ ನನ್ನನ್ನು ಒಂದು ವೃತ್ತಿ ತರಬೇತಿ ಕೇಂದ್ರಕ್ಕೆ ಇಂಗ್ಲಿಷ್ ಪಾಠ ಮಾಡಲು ಹಾಕಿದ್ದರು. ಎಲೆಕ್ಟ್ರಿಷಿಯನ್ ವಿಭಾಗ. ಇಪ್ಪತ್ತು ಚಿಲ್ಲರೆ ವಿದ್ಯಾರ್ಥಿಗಳು. ಹೆಚ್ಚಿನವರು 17-18ರ ಹುಡುಗರು, ಹುಡುಗಿಯರು. ಜೊತೆಗೆ ವರ್ಷಗಟ್ಟಲೆ ಹೆಲ್ಪರ್ ಆಗಿ ದುಡಿದು, ಸರ್ಟಿಫಿಕೇಟ್ ಇಲ್ಲದೆ ಮೇಲೆ ಹೋಗೋಕಾಗಲ್ಲ ಅಂತ ಮತ್ತೆ ಬೆಂಚಿಗೆ ಬಂದು ಕೂತ ಒಂದಿಬ್ಬರು ದೊಡ್ಡವರು. ಸ್ಟಾಫ್ ರೂಮಿನಲ್ಲಿ ನನಗೆ ಸಿಕ್ಕ ಮಾಹಿತಿ ಇಷ್ಟೇ: "ಅವರಿಗೆ ಇಂಗ್ಲಿಷ್ ಬರಲ್ಲ. ಗ್ರಾಮರ್ ಮುಗಿಸಿಬಿಡಿ, ಸಾಕು."

ಬರಲ್ಲ ಅಂದರೆ ಏನು ಬರಲ್ಲ? ಓದೋಕಾ, ಮಾತಾಡೋಕಾ, ಅರ್ಥ ಮಾಡಿಕೊಳ್ಳೋಕಾ? ಅದನ್ನು ಯಾರೂ ಬಿಡಿಸಿ ನೋಡಿರಲಿಲ್ಲ. ಪಠ್ಯದಲ್ಲಿದ್ದದ್ದು ಮಾಮೂಲಿ ಸರಕು: ರಜೆ ಪತ್ರ, ಕಾಲಗಳು, ಪ್ಯಾಸಿವ್ ವಾಯ್ಸ್, ಒಂದು ಪದ್ಯ, ಜೀವನದ ಗುರಿ ಬಗ್ಗೆ ಪ್ರಬಂಧ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಎಲ್ಲರ ತಲೆ ಡೆಸ್ಕಿನ ಕಡೆ. ಅದೇ ಮಂದಿ ವರ್ಕ್‌ಶಾಪಿನಲ್ಲಿ ಕಂಟಿನ್ಯೂಟಿ, ಓವರ್‌ಲೋಡ್ ರಿಲೇ, ನಾರ್ಮಲಿ ಓಪನ್, ಇನ್ಸುಲೇಶನ್ ರೆಸಿಸ್ಟೆನ್ಸ್ ಅಂತ ಉಸಿರು ಬಿಡದೆ ಮಾತಾಡುತ್ತಿದ್ದರು. ಇದು ಇಂಗ್ಲಿಷ್ ಅಂತ ಅವರಿಗೂ ಅನ್ನಿಸಿರಲಿಲ್ಲ, ಅವರಿಗೆ ಪಾಠ ಮಾಡುವವರಿಗೂ ಅನ್ನಿಸಿರಲಿಲ್ಲ. ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಂಡು ನಾನು ಅಲ್ಲೊಂದು ಮೂಲೆಯಲ್ಲಿ ಕೂರತೊಡಗಿದೆ. ಈ ಪ್ರಕರಣ ಶುರುವಾಗೋದು ಅಲ್ಲಿಂದ.

ಅವತ್ತಿನ ಕೆಲಸ ಇಂಡಕ್ಷನ್ ಮೋಟರಿನ ಕನೆಕ್ಷನ್ ನೋಡುವುದು. ಮೋಟರ್ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಸೂಚನೆ ಕಾರ್ಡು ನೇತಾಡುತ್ತಿತ್ತು. ಮೂರು ಜನರ ಗುಂಪಿನಲ್ಲಿ ಒಬ್ಬ ಹುಡುಗ ಅದನ್ನು ಗಟ್ಟಿಯಾಗಿ ಓದಿದ: "ರಿಮೂವ್ ದ ಟರ್ಮಿನಲ್ ಬಾಕ್ಸ್ ಕವರ್ ಆಫ್ಟರ್ ಸ್ವಿಚಿಂಗ್ ಆಫ್ ಅಂಡ್ ಲಾಕಿಂಗ್ ದ ಐಸೊಲೇಟರ್." ಅಂದರೆ, ಸಪ್ಲೈ ಕಡಿಯುವ ಸ್ವಿಚ್ಚಾದ ಐಸೊಲೇಟರನ್ನು ಆಫ್ ಮಾಡಿ ಬೀಗ ಹಾಕಿದ ಮೇಲೆ ಕವರ್ ತೆಗಿ ಅಂತ. ಒಂದು ಪದವೂ ತಡವರಿಸಲಿಲ್ಲ. ಓದಿ ಮುಗಿಸಿ ಸೀದಾ ಸ್ಕ್ರೂಡ್ರೈವರ್ ತಗೊಂಡು ಕವರಿನ ಮೊದಲ ಸ್ಕ್ರೂಗೆ ಇಟ್ಟ. ಇನ್‌ಸ್ಟ್ರಕ್ಟರ್ ಅವನ ಮೊಣಕೈ ಹಿಡಿದರು. ಸಪ್ಲೈ ಅವರೇ ಮುಂಚೆಯೇ ತೆಗೆದಿದ್ದರು, ಹಾಗಾಗಿ ಅಪಾಯವೇನೂ ಇರಲಿಲ್ಲ. "ಏನು ಮಾಡ್ತಿದ್ದೀಯ?" ಅಂದರು. ಹುಡುಗನಿಗೆ ನಿಜವಾಗಲೂ ಆಶ್ಚರ್ಯ. "ಸರ್, ಕಾರ್ಡಲ್ಲಿ ಇರೋದೇ ಮಾಡ್ತಿದ್ದೀನಲ್ಲ? ಕವರ್ ತೆಗಿ, ಆಮೇಲೆ ಸ್ವಿಚ್ ಆಫ್ ಮಾಡಿ ಲಾಕ್ ಹಾಕು ಅಂತ." ಪಕ್ಕದ ಇಬ್ಬರೂ ತಲೆಯಾಡಿಸಿದರು. ಅವರೂ ಹಾಗೇ ಓದಿಕೊಂಡಿದ್ದರು.

ಇನ್‌ಸ್ಟ್ರಕ್ಟರಿಗೆ ಇದು ಅಶ್ರದ್ಧೆ ಅನ್ನಿಸಿತು. ಕಾಮನ್ ಸೆನ್ಸ್ ಬೇಡವಾ, ಕರೆಂಟ್ ತೆಗೆಯದೆ ಯಾರಾದರೂ ಡಬ್ಬಿ ಬಿಚ್ತಾರಾ ಅಂತ ಬೈದರು. ನನಗೆ ಹಾಗನ್ನಿಸಲಿಲ್ಲ. ಆ ಹುಡುಗ ಅಸಡ್ಡೆ ಮಾಡಲಿಲ್ಲ, ಕಾರ್ಡನ್ನು ನಂಬಿದ. ಕೇಂದ್ರದವರು ಕಾರ್ಡಲ್ಲಿ ಹಾಕಿದ್ದಾರೆ ಅಂದಮೇಲೆ ಈ ಮೋಟರಿಗೆ ಹಾಗೇ ಇರಬೇಕು ಅಂದುಕೊಂಡ. ಕಾಮನ್ ಸೆನ್ಸ್ ಬದಿಗಿಟ್ಟು ಇಂಗ್ಲಿಷ್ ಮಾತು ಕೇಳಿದ್ದಕ್ಕೆ ಬೈಸಿಕೊಂಡ.

ಆಮೇಲೆ ನಾನು ಮಾಡಿದ್ದು ಸಣ್ಣ ಪರೀಕ್ಷೆ. ಮೂರು ಚಿತ್ರ: ಐಸೊಲೇಟರ್ ಆಫ್, ಅದಕ್ಕೆ ಬೀಗ, ಬಿಚ್ಚಿದ ಕವರ್. ವಾಕ್ಯ ಓದಿ ಚಿತ್ರಗಳನ್ನು ಮಾಡಬೇಕಾದ ಕ್ರಮದಲ್ಲಿ ಜೋಡಿಸಬೇಕು, ಅಷ್ಟೇ. "ಲಾಕ್ ದ ಐಸೊಲೇಟರ್, ದೆನ್ ರಿಮೂವ್ ದ ಕವರ್" ಅಂತ ಕೊಟ್ಟರೆ ಎಲ್ಲರದೂ ಸರಿ. "ಆಫ್ಟರ್" ನಡುವೆ ಬಂದ ವಾಕ್ಯ ಕೊಟ್ಟರೆ ಅರ್ಧಕ್ಕಿಂತ ಜಾಸ್ತಿ ಜನರದು ಉಲ್ಟಾ. "ಬಿಫೋರ್ ರಿಮೂವಿಂಗ್ ದ ಕವರ್, ಲಾಕ್ ದ ಐಸೊಲೇಟರ್" ಅಂದರೂ ಹೆಚ್ಚುಕಮ್ಮಿ ಅದೇ ಕಥೆ. ಮಜಾ ಏನೆಂದರೆ, ಇದೇ ಮಂದಿಗೆ ಬಿಟ್ಟ ಸ್ಥಳ ತುಂಬಿರಿ ಅಂತ ಬಿಫೋರ್, ಆಫ್ಟರ್ ಕೊಟ್ಟಾಗ ಹೆಚ್ಚಿನವರಿಗೆ ಒಳ್ಳೆ ಅಂಕ ಬಂದಿತ್ತು. ಪರೀಕ್ಷೆ ಪತ್ರಿಕೆ ಪ್ರಕಾರ ಇವರಿಗೆ ಈ ಪಾಠ ಬರುತ್ತೆ!

ಕಾರಣ ಹುಡುಕೋದು ಕಷ್ಟ ಇರಲಿಲ್ಲ. ವಾಕ್ಯದಲ್ಲಿ ಯಾವುದು ಮೊದಲು ಬಂತೋ ಅದನ್ನೇ ಮೊದಲು ಮಾಡಬೇಕು ಅಂತ ತಗೊಳ್ಳೋದು ಭಾಷೆ ಕಲಿಯುವವರಲ್ಲಿ ಕಾಣುವ ಹಳೆಯ ರೂಢಿ. ಬಿಫೋರ್, ಆಫ್ಟರ್ ಇರುವ ವಾಕ್ಯಗಳನ್ನು ಚಿಕ್ಕ ಮಕ್ಕಳು ತಮ್ಮ ಮಾತೃಭಾಷೆಯಲ್ಲೇ ಹೀಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಭಾಷಾವಿಜ್ಞಾನಿ ಈವ್ ಕ್ಲಾರ್ಕ್ 1971ರಲ್ಲೇ ತೋರಿಸಿದ್ದರು. ಕನ್ನಡದಲ್ಲಿ ನಾವು "ಬೀಗ ಹಾಕಿದ ಮೇಲೆ ಕವರ್ ತೆಗಿ" ಅಂತೀವಿ, ಮೊದಲು ಆಗಬೇಕಾದ್ದು ಮಾತಿನಲ್ಲೂ ಮೊದಲೇ ಬರುತ್ತೆ. ಇಂಗ್ಲಿಷ್ ಕಾರ್ಡು ಅದನ್ನು ತಿರುಗಿಸಿ ಹಾಕುತ್ತೆ. ನಿಧಾನವಾಗಿ ಕೂತು ಓದಿದರೆ ಗೊತ್ತಾಗಬಹುದು. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಹಿಂದೆ ಇನ್ನೊಂದು ಗುಂಪು ಕಾಯುತ್ತಿರುವಾಗ ಯಾರು ನಿಧಾನವಾಗಿ ಓದ್ತಾರೆ?

ಇಲ್ಲಿಂದ ಮುಂದೆ ಪಾಠದ ದಿಕ್ಕು ಬದಲಾಯಿತು. ವರ್ಕ್‌ಶಾಪಿನಲ್ಲಿದ್ದ ಕಾರ್ಡು, ಲೇಬಲ್, ಮ್ಯಾನುಯಲ್ ಪುಟಗಳ ಫೋಟೋ ತೆಗೆದು ತಂದೆ. ಎಡವಿಸುವ ವಾಕ್ಯಗಳು ಕೆಲವೇ ನಮೂನೆಯವು. ಕ್ರಮ ತಿರುಗಿಸುವ ಬಿಫೋರ್, ಆಫ್ಟರ್. ತಡೆ ಹಾಕುವ ಅಂಟಿಲ್, ಅನ್‌ಲೆಸ್. ಅಪಾಯ ಎಷ್ಟು ಅಂತ ಹೇಳುವ ವಿಲ್, ಕುಡ್. ಒಂದೇ ವಾಕ್ಯದಲ್ಲಿ ಮೂರು ನಾಲ್ಕು ಕೆಲಸ ತುರುಕಿದ ಉದ್ದದ ಸಾಲುಗಳು. ಪದ ಗೊತ್ತಿಲ್ಲದೆ ಎಡವಿದ್ದು ಬಹಳ ಕಮ್ಮಿ.

ವಿಲ್, ಕುಡ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಂತ್ರಗಳ ಮ್ಯಾನುಯಲ್ ತೆರೆದರೆ ಮೊದಲ ಪುಟಗಳಲ್ಲಿ ಡೇಂಜರ್, ವಾರ್ನಿಂಗ್, ಕಾಶನ್, ನೋಟಿಸ್ ಅನ್ನುವ ಪೆಟ್ಟಿಗೆಗಳು ಇರುತ್ತವಲ್ಲ, ಅವು ಸುಮ್ನೆ ಭಯಪಡಿಸೋಕೆ ಹಾಕಿದ ಪದಗಳಲ್ಲ. ಅಮೆರಿಕದ ಆನ್ಸಿ ಜೆಡ್535 ಮಾನದಂಡದಲ್ಲಿ ಪ್ರತಿಯೊಂದಕ್ಕೂ ಕಟ್ಟುನಿಟ್ಟಾದ ಅರ್ಥ ಇದೆ. ಎಚ್ಚರ ತಪ್ಪಿದರೆ ಸಾವು ಅಥವಾ ಗಂಭೀರ ಗಾಯ ಆಗೇ ಆಗುತ್ತೆ ಅಂದರೆ ಡೇಂಜರ್, ಕೆಂಪು. ಆಗಬಹುದು ಅಂದರೆ ವಾರ್ನಿಂಗ್, ಕಿತ್ತಳೆ. ಸಣ್ಣ ಅಥವಾ ಮಧ್ಯಮ ಗಾಯ ಆಗಬಹುದು ಅಂದರೆ ಕಾಶನ್, ಹಳದಿ. ಮನುಷ್ಯರಿಗೆ ಗಾಯದ ಮಾತಿಲ್ಲ, ಯಂತ್ರವೋ ವಸ್ತುವೋ ಹಾಳಾಗುತ್ತೆ ಅಂದರೆ ನೋಟಿಸ್, ನೀಲಿ. ಮೊದಲ ಎರಡರ ನಡುವೆ ಇರುವ ವ್ಯತ್ಯಾಸ ಇಷ್ಟೇ: ಒಂದರಲ್ಲಿ ವಿಲ್, ಇನ್ನೊಂದರಲ್ಲಿ ಕುಡ್.

ನಾನು ಬಣ್ಣ, ಹೆಸರು ಎರಡನ್ನೂ ಮುಚ್ಚಿ ಬರೀ ವಾಕ್ಯ ಕೊಟ್ಟೆ. ಇದು ಯಾವ ಪೆಟ್ಟಿಗೆಗೆ ಸೇರಬೇಕು ಹೇಳಿ ಅಂದೆ. ಒಬ್ಬಳು ಕೈ ಎತ್ತಿ ಕೇಳಿದಳು: "ಮೇಡಂ, ಕುಡ್ ಅಂದ್ರೆ ಪಾಸ್ಟ್ ಟೆನ್ಸ್ ಅಲ್ವಾ? ಹಿಂದೆ ಯಾರಿಗೋ ಶಾಕ್ ಹೊಡೆದಿತ್ತು, ಅದಕ್ಕೆ ಬರೆದಿದ್ದಾರೆ ಅಂದ್ಕೊಂಡಿದ್ದೆ." ಕ್ಲಾಸೆಲ್ಲ ನಕ್ಕಿತು. ಆದರೆ ಅವಳು ಹೇಳಿದ್ದು ಪುಸ್ತಕದಲ್ಲಿ ಇದ್ದಂತೆಯೇ ಇತ್ತು. ಕ್ಯಾನ್ ಅನ್ನೋದರ ಭೂತಕಾಲ ಕುಡ್ ಅಂತ ಪಟ್ಟಿಯಲ್ಲಿ ಇರುತ್ತೆ, ಮುಂದೆ ಆಗಬಹುದಾದ್ದಕ್ಕೂ ಕುಡ್ ಬಳಸ್ತಾರೆ ಅನ್ನೋದು ಇನ್ಯಾವುದೋ ಅಧ್ಯಾಯದಲ್ಲಿ, ಕೊನೆಗೆ, ಸಮಯ ಸಿಕ್ಕರೆ. ಎಲೆಕ್ಟ್ರಿಷಿಯನ್‌ಗೆ ಮೊದಲು ಬೇಕಾದ ಕುಡ್ ಎರಡನೆಯದು.

ಕಾರ್ಡು ತಿದ್ದುವ ಕೆಲಸಕ್ಕೆ ವಿಮಾನ ಉದ್ಯಮದಿಂದ ಒಂದು ಉಪಾಯ ತಗೊಂಡೆ. ವಿಮಾನ ದುರಸ್ತಿ ಮಾಡುವವರಲ್ಲಿ ಬಹಳಷ್ಟು ಜನರ ಮಾತೃಭಾಷೆ ಇಂಗ್ಲಿಷ್ ಅಲ್ಲ. ಅದಕ್ಕೇ ಯುರೋಪಿನ ವಿಮಾನ ತಯಾರಕರ ಸಂಘ 1986ರಲ್ಲಿ ದುರಸ್ತಿ ಕೈಪಿಡಿಗಳಿಗೆ ಸರಳ ಇಂಗ್ಲಿಷಿನ ನಿಯಮಗಳನ್ನು ಹೊರತಂದಿತು. ಈಗ ಅದಕ್ಕೆ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್ ಅಂತಾರೆ. ಸೂಚನೆ ವಾಕ್ಯ 20 ಪದ ದಾಟಬಾರದು. ಒಂದು ವಾಕ್ಯಕ್ಕೆ ಒಂದೇ ಕೆಲಸ. ಷರತ್ತು ಇದ್ದರೆ ಅದು ಮೊದಲು, ಕೆಲಸ ಆಮೇಲೆ. ನಿಯಮ ಇನ್ನೂ ಬಹಳ ಇವೆ, ನಾನು ತಗೊಂಡದ್ದು ಈ ಮೂರೇ. ಗುಂಪುಗಳಿಗೆ ಒಂದೊಂದು ಕಾರ್ಡು ಕೊಟ್ಟು, ಇದನ್ನು ನಿಮ್ಮ ಜೂನಿಯರ್‌ಗಳಿಗೆ ತಪ್ಪಾಗದ ಹಾಗೆ ಬರೆದು ಕೊಡಿ ಅಂದೆ.

ಹೆಲ್ಪರ್ ಆಗಿ ದುಡಿದು ಬಂದಿದ್ದ ಹಿರಿಯರೊಬ್ಬರು ಅಲ್ಲಿವರೆಗೆ ತರಗತಿಯಲ್ಲಿ ಬಾಯೇ ಬಿಟ್ಟಿರಲಿಲ್ಲ. ಅವರ ಗುಂಪಿಗೆ ಬಂದ ಕಾರ್ಡಿನಲ್ಲಿ, ಟರ್ಮಿನಲ್ ಮುಟ್ಟುವ ಮುಂಚೆ ಸಪ್ಲೈ ಇಲ್ಲ ಅಂತ ಖಚಿತ ಮಾಡಿಕೊಳ್ಳಿ ಅನ್ನುವ ಸಾಲಿತ್ತು. ಹುಡುಗರು ಅದನ್ನು ಎರಡು ಚಿಕ್ಕ ವಾಕ್ಯ ಮಾಡಿ ಮುಂದೆ ಹೋಗಿಬಿಟ್ಟಿದ್ದರು. ಇವರು ಪೆನ್ನು ಅಡ್ಡ ಇಟ್ಟು ತಡೆದರು. "ಮೀಟರ್ರೇ ಕೆಟ್ಟಿದ್ರೆ?" ಅಂದರು. "ಸೊನ್ನೆ ತೋರಿಸ್ತು ಅಂತ ಕೈ ಹಾಕ್ತೀಯ. ಬ್ಯಾಟರಿ ಡೌನ್ ಆಗಿದ್ರೂ, ಲೀಡ್ ಕಟ್ ಆಗಿದ್ರೂ ಸೊನ್ನೆನೇ ತೋರಿಸ್ಬೋದು." ಅವರು ಹೇಳಿದ್ದು ಕಸುಬಿನಲ್ಲಿ ಪಳಗಿದವರಿಗೆಲ್ಲ ಗೊತ್ತಿರುವ ಪದ್ಧತಿ. ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಮೀಟರ್ ಹಿಡಿದು ನೋಡು, ಆಮೇಲೆ ಕೆಲಸ ಮಾಡಬೇಕಾದ ಸರ್ಕ್ಯೂಟ್ ನೋಡು, ಮತ್ತೆ ಮೊದಲಿನ ಕಡೆಗೇ ಹೋಗಿ ಮೀಟರ್ ಇನ್ನೂ ಸರಿ ಇದೆಯಾ ನೋಡು. ಇನ್‌ಸ್ಟ್ರಕ್ಟರ್ ಇದನ್ನು ಬಾಯಿಮಾತಿನಲ್ಲಿ ಕಲಿಸಿದ್ದರು, ಕಾರ್ಡಿನಲ್ಲಿ ಮಾತ್ರ ಇರಲಿಲ್ಲ. ಈಗ ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕಲ್ಲ? ಹಿರಿಯರಿಗೆ ಕೆಲಸ ಗೊತ್ತು, ಹುಡುಗರಿಗೆ ಸ್ಪೆಲ್ಲಿಂಗ್ ಗೊತ್ತು. ಅಳಿಸಿ, ಬರೆದು, ಜಗಳ ಆಡಿ ಕೊನೆಗೆ ಮೂರು ಸಾಲು ಬಂತು: "ಟೆಸ್ಟ್ ದ ಮೀಟರ್ ಆನ್ ಎ ಲೈವ್ ಸಾಕೆಟ್. ಟೆಸ್ಟ್ ದ ಮೋಟರ್ ಟರ್ಮಿನಲ್ಸ್. ಟೆಸ್ಟ್ ದ ಮೀಟರ್ ಆನ್ ದ ಲೈವ್ ಸಾಕೆಟ್ ಅಗೇನ್." ಮೊದಲ ಸಾಲಿನ "ಎ" ಮೂರನೇ ಸಾಲಿನಲ್ಲಿ "ದ" ಆಗಿದ್ದು ನೋಡಿ. ಆರ್ಟಿಕಲ್ ಪಾಠ ಮಾಡಿ ಮಾಡಿ ಸೋತವರಿಗೆ ಗೊತ್ತು ಇದು ಎಂಥ ಸಂತೋಷ ಅಂತ. ಅದೇ ಸಾಕೆಟ್ಟಿಗೆ ವಾಪಸ್ ಹೋಗಬೇಕು ಅಂತ ಅವರಿಗೆ ಹೇಳಬೇಕಿತ್ತು, ಹೇಳಿದರು.

ಮಾತಿನ ಅಭ್ಯಾಸಕ್ಕೆ ರೀಡ್‌ಬ್ಯಾಕ್ ಇಟ್ಟುಕೊಂಡೆವು. ವಿಮಾನದ ರೇಡಿಯೋದಲ್ಲಿ ಕಂಟ್ರೋಲರ್ ಕೊಟ್ಟ ಸೂಚನೆಯನ್ನು ಪೈಲಟ್ ವಾಪಸ್ ಒಪ್ಪಿಸುವ ಪದ್ಧತಿ ಅದು. ಇದೆಲ್ಲ ಯಾಕೆ ಬೇಕು ಅನ್ನೋದಕ್ಕೆ ತರಗತಿಯಲ್ಲಿ ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ನಡೆದ ವಿಮಾನ ದುರಂತದ ಬಗ್ಗೆ ಹೇಳಿದೆ. 1977ರ ಮಾರ್ಚ್ 27ರಂದು ಅಲ್ಲಿನ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜು ಇತ್ತು, ಬೇರೆ ಕಾರಣಗಳೂ ಇದ್ದವು. ಆದರೆ ಪೈಲಟ್ ಹೇಳಿದ "ವಿ ಆರ್ ನೌ ಅಟ್ ಟೇಕಾಫ್" ಅನ್ನುವ ಮಾತನ್ನು ಕಂಟ್ರೋಲರ್ ಒಂದು ಥರ ಅರ್ಥ ಮಾಡಿಕೊಂಡರು, ಪೈಲಟ್ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಹೊರಡಲು ಸಿದ್ಧವಾಗಿ ನಿಂತಿದ್ದಾರೆ ಅಂತ ಕಂಟ್ರೋಲರ್ ತಿಳಿದರು, ವಿಮಾನ ಆಗಲೇ ಓಡುತ್ತಿತ್ತು.

ನಮ್ಮ ರೀಡ್‌ಬ್ಯಾಕಿಗೆ ಒಂದು ಕಟ್ಟು ಹಾಕಿದೆ. ಗಿಳಿಪಾಠ ಒಪ್ಪಿಸೋ ಹಾಗಿಲ್ಲ, ಕಾರ್ಡಿನಲ್ಲಿ ಹೇಗೇ ಇರಲಿ, ತಾನು ಮಾಡುವ ಕ್ರಮದಲ್ಲೇ ಹೇಳಬೇಕು. "ಫಸ್ಟ್ ಐ ಲಾಕ್ ದ ಐಸೊಲೇಟರ್. ದೆನ್ ಐ ರಿಮೂವ್ ದ ಕವರ್." ಹೇಳಿ ಮುಗಿಸುವವರೆಗೆ ಟೂಲ್ ಮುಟ್ಟುವ ಹಾಗಿಲ್ಲ ಅಂತ ಇನ್‌ಸ್ಟ್ರಕ್ಟರೇ ನಿಯಮ ಮಾಡಿದರು. ಅವರಿಗೆ ಇದು ಇಂಗ್ಲಿಷ್ ಅಂತಲ್ಲ, ಸೇಫ್ಟಿ ಅಂತ ಇಷ್ಟವಾಯಿತು. ನನಗೆ ಎರಡೂ ಒಂದೇ. ಯಾರ ಮುಂದೆಯೂ ಇಂಗ್ಲಿಷ್ ಮಾತಾಡದ ಹುಡುಗರು ಮೋಟರ್ ಮುಂದೆ ನಿಂತು ಗಟ್ಟಿಯಾಗಿ ಹೇಳುತ್ತಿದ್ದರು. ಅಲ್ಲಿ ತಪ್ಪು ಇಂಗ್ಲಿಷಿಗೆ ಯಾರೂ ನಗುತ್ತಿರಲಿಲ್ಲ, ತಪ್ಪು ಕ್ರಮಕ್ಕೆ ಮಾತ್ರ ನಗುತ್ತಿದ್ದರು.

ಎಲ್ಲರಿಗೂ ಖುಷಿಯಾಯಿತು ಅಂತೇನಿಲ್ಲ. ಒಬ್ಬ ನೇರವಾಗಿ ಕೇಳಿಯೇ ಬಿಟ್ಟ, "ಮೇಡಂ, ಇದು ವರ್ಕ್‌ಶಾಪ್ ಕ್ಲಾಸ್ ಥರಾನೇ ಇದೆ. ಇಂಗ್ಲಿಷ್ ಯಾವಾಗ ಶುರು ಮಾಡ್ತೀರಾ?" ಅವನಿಗೆ ಬೇಕಿದ್ದದ್ದು ಸ್ಪೋಕನ್ ಇಂಗ್ಲಿಷ್, ಇಂಟರ್‌ವ್ಯೂನಲ್ಲಿ ನಿಮ್ಮ ಬಗ್ಗೆ ಹೇಳಿ ಅಂದಾಗ ಹೇಳೋಕೆ ನಾಲ್ಕು ಮಾತು. ಅವನ ಕೇಳಿಕೆ ನ್ಯಾಯವಾದದ್ದೇ. ಹಾಗಾಗಿ ಕೆಲವು ತರಗತಿ ಅಣಕು ಇಂಟರ್‌ವ್ಯೂ ಮಾಡಿದೆವು, ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಇನ್‌ಸ್ಟ್ರಕ್ಟರನ್ನು ಕೂರಿಸಿ. ಊರು, ಹವ್ಯಾಸ, ಗುರಿ ಅಂತ ಉರು ಹೊಡೆದವರು ಎರಡನೇ ಪ್ರಶ್ನೆಗೇ ನಿಂತುಹೋದರು. ಮೋಟರ್ ಸ್ಟಾರ್ಟ್ ಆಗ್ತಿಲ್ಲ, ಏನು ನೋಡ್ತೀಯ ಅಂತ ಕೇಳಿದಾಗ ಅದೇ ಹುಡುಗರು ವ್ಯಾಕರಣ ಚೆಲ್ಲಾಪಿಲ್ಲಿಯಾದರೂ ನಿಲ್ಲಿಸದೆ ಹೇಳಿದರು.

ನನ್ನ ಪಾಠ ನೋಡಲು ಬಂದ ಮಾರ್ಗದರ್ಶಕರದು ಬೇರೆ ತಕರಾರು. ಅವರ ಫಾರಂನಲ್ಲಿ ಬೋಧನಾ ವಿಧಾನ ಅಂತ ಒಂದು ಕಾಲಂ. ಇದಕ್ಕೆ ಏನಂತ ಬರೆಯಲಿ ಅಂದರು. ಕೆಲಸ ಆಧಾರಿತ ಬೋಧನೆ ಅಂದೆ. ಅದಕ್ಕೊಂದು ಹಿನ್ನೆಲೆಯೂ ಇದೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ ವ್ಯಾಕರಣದ ಪಟ್ಟಿ ಬಿಟ್ಟು, ಮಕ್ಕಳಿಗೆ ಬಿಡಿಸಲು ಕೆಲಸ ಕೊಟ್ಟರು. ಗಮನ ಅರ್ಥದ ಮೇಲಿದ್ದರೆ ಭಾಷೆ ತಾನಾಗಿ ಕೂರುತ್ತೆ ಅನ್ನೋದು ಅಲ್ಲಿನ ನಂಬಿಕೆ. ಮಾರ್ಗದರ್ಶಕರು, ಹಾಗಾದರೆ ನೀವು ಆಫ್ಟರ್, ಅಂಟಿಲ್ ಅಂತ ಬೋರ್ಡ್ ಮೇಲೆ ಬರೆದು ವಿವರಿಸಿದ್ದು ಯಾಕೆ ಅಂದರು. ಒಳ್ಳೆ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಈ ವಿದ್ಯಾರ್ಥಿಗಳಿಗೆ ಬರೀ ಕೆಲಸ ಕೊಟ್ಟರೆ ಸಾಲದು. ಇವರು ಕೆಲಸದಲ್ಲಿ ಚುರುಕು. ವಾಕ್ಯ ಓದದೆಯೇ, ಪಕ್ಕದವನ ಕೈ ನೋಡಿ, ಅಂದಾಜಿನಲ್ಲಿ ಮುಗಿಸಿಬಿಡ್ತಾರೆ. ಅಂದಾಜು ಕೈಕೊಡುವ ವಾಕ್ಯ ಯಾವುದು ಅಂತ ಬೆರಳಿಟ್ಟು ತೋರಿಸಲೇಬೇಕು. ಮಾರ್ಗದರ್ಶಕರು ಪೂರ್ತಿ ಒಪ್ಪಲಿಲ್ಲ, ಫಾರಂನಲ್ಲಿ "ಮಿಶ್ರ ವಿಧಾನ" ಅಂತ ಬರೆದುಕೊಂಡು ಹೋದರು.

ಪ್ಯಾಸಿವ್ ವಾಯ್ಸ್ ಪಾಠವನ್ನು ಬಿಡುವ ಹಾಗಿರಲಿಲ್ಲ, ಪರೀಕ್ಷೆಗೆ ಬರುತ್ತೆ. ಅದಕ್ಕೆ ಜಾಗ ತಾನಾಗಿ ಸಿಕ್ಕಿತು. ದುರಸ್ತಿ ಮುಗಿದ ಮೇಲೆ ಬರೆಯುವ ಜಾಬ್ ಕಾರ್ಡಿನಲ್ಲಿ ಯಾರು ಮಾಡಿದರು ಅನ್ನೋದಕ್ಕಿಂತ ಏನಾಯಿತು ಅನ್ನೋದು ಮುಖ್ಯ. ಬೇರಿಂಗ್ ವಾಸ್ ರಿಪ್ಲೇಸ್ಡ್, ಫ್ಯೂಸ್ ವಾಸ್ ಫೌಂಡ್ ಓಪನ್. ಮಾಡಿದವರ ಸಹಿ ಕೆಳಗೆ ಹೇಗೂ ಇರುತ್ತಲ್ಲ. "ರಾಮ ಹಣ್ಣು ತಿಂದನು" ಅನ್ನೋದನ್ನು ತಿರುಗಿಸುವಾಗ ಯಾಕೆ ತಿರುಗಿಸ್ತಿದ್ದೀವಿ ಅಂತ ಕೇಳುತ್ತಿದ್ದವರು ಇಲ್ಲಿ ಕೇಳಲಿಲ್ಲ. ಆದರೆ ಬರವಣಿಗೆ ಸುಧಾರಿಸಿತು ಅಂತ ಹೇಳಲಾರೆ. "ವಾಸ್" ಬಿಟ್ಟುಹೋಗುತ್ತಲೇ ಇತ್ತು, ಬೇರಿಂಗ್ ಪದದ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು ಥರ.

ಕೊನೆಗೆ ಚಿತ್ರ ಜೋಡಿಸುವ ಪರೀಕ್ಷೆಯನ್ನು ಹೊಸ ವಾಕ್ಯಗಳ ಜೊತೆ ಮತ್ತೆ ಮಾಡಿದೆ. ಬಿಫೋರ್, ಆಫ್ಟರ್ ಬಹುತೇಕ ಎಲ್ಲರಿಗೂ ಹಿಡಿತಕ್ಕೆ ಬಂದಿತ್ತು. ಅಂಟಿಲ್ ಕೂಡ ಪರವಾಗಿಲ್ಲ. ಅನ್‌ಲೆಸ್ ಮಾತ್ರ ಬಗ್ಗಲಿಲ್ಲ. "ಡು ನಾಟ್ ಸ್ಟಾರ್ಟ್ ದ ಮೋಟರ್ ಅನ್‌ಲೆಸ್ ದ ಗಾರ್ಡ್ ಈಸ್ ಕ್ಲೋಸ್ಡ್" ಅಂದರೆ ಗಾರ್ಡ್ ಹಾಕಿದ್ದಾಗ ಸ್ಟಾರ್ಟ್ ಮಾಡಬಾರದು ಅಂತಲೇ ಹಲವರು ಹೇಳಿದರು. ನಿಜವಾದ ಅರ್ಥ, ಗಾರ್ಡ್ ಹಾಕದೆ ಸ್ಟಾರ್ಟ್ ಮಾಡಬಾರದು ಅಂತ. ನಕಾರ ಒಂದು ಕಡೆ ಎದ್ದು ಕಾಣುತ್ತೆ, ಇನ್ನೊಂದು ಅನ್‌ಲೆಸ್ ಒಳಗೆ ಅಡಗಿರುತ್ತೆ. ಅದಕ್ಕೆ ಬೇರೆ ದಾರಿ ಬೇಕು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಇದೆಲ್ಲ ಬೋರು ಹೊಡೆಸಿತು ಅನ್ನೋದೂ ನಿಜ. ಅವಳಿಗೆ ಕಂಪನಿ ಮ್ಯಾನುಯಲ್ಲಿನ ಪುಟಗಳನ್ನೇ ಕೊಟ್ಟು ಗೊಂದಲದ ಸಾಲು ಹುಡುಕಲು ಹಚ್ಚಿದೆ, ಸಿಕ್ಕಾಪಟ್ಟೆ ಹುಡುಕಿದಳು.

ಇನ್‌ಸ್ಟ್ರಕ್ಟರ್ ಸಹಕಾರ ಇಲ್ಲದೆ ಇದರಲ್ಲಿ ಯಾವುದೂ ನಡೆಯುತ್ತಿರಲಿಲ್ಲ. ಇಂಗ್ಲಿಷ್ ಟೀಚರಿಗೆ ಐಸೊಲೇಟರ್ ಗೊತ್ತಿರಲ್ಲ, ವರ್ಕ್‌ಶಾಪಿನವರಿಗೆ ಇಂಗ್ಲಿಷ್ ತಮ್ಮ ಕೆಲಸ ಅನ್ನಿಸಲ್ಲ. ಟೈಮ್‌ಟೇಬಲ್ಲಿನಲ್ಲಿ ಇಬ್ಬರೂ ಎದುರು ಬದುರು ಸಿಗುವ ಒಂದು ಪೀರಿಯಡ್ ಹಾಕದಿದ್ದರೆ ಬರೀ ಉತ್ಸಾಹದಿಂದ ಬಹಳ ದಿನ ನಡೆಯಲ್ಲ.

ಕೊನೆಯಲ್ಲಿ ಉಳಿದ ಭಿನ್ನಾಭಿಪ್ರಾಯ ಕಾರ್ಡಿನದು. ವಿದ್ಯಾರ್ಥಿಗಳು ತಿದ್ದಿದ್ದನ್ನು ಹಳೆಯದರ ಬದಲಿಗೆ ಹಾಕೋಣ ಅಂದೆ. ಇನ್‌ಸ್ಟ್ರಕ್ಟರ್ ಒಪ್ಪಲಿಲ್ಲ. "ಹೊರಗೆ ಕೆಲಸಕ್ಕೆ ಹೋದಮೇಲೆ ಇವರಿಗೆ ಯಾರಮ್ಮ ತಿದ್ದಿ ಕೊಡ್ತಾರೆ? ಕೆಟ್ಟ ಕಾರ್ಡೇ ಓದೋಕೆ ಬರಬೇಕು." ಅವರ ಮಾತಿನಲ್ಲಿ ಸತ್ಯ ಇದೆ. ಮ್ಯಾನುಯಲ್ ಬರೆಯುವವರು ನಮ್ಮ ಮಾತು ಕೇಳಿ ಬದಲಾಗಲ್ಲ. ಆದರೂ ಕರೆಂಟ್ ಇರುವ ಯಂತ್ರದ ಪಕ್ಕ ಓದುವ ಪರೀಕ್ಷೆ ಇಡಬಾರದು, ಕೆಟ್ಟ ವಾಕ್ಯ ತರಗತಿಯಲ್ಲಿರಲಿ, ಒಳ್ಳೆಯದು ಮೋಟರ್ ಪಕ್ಕ ಇರಲಿ ಅನ್ನೋದು ನನ್ನ ವಾದ. ಸದ್ಯಕ್ಕೆ ಎರಡೂ ಒಂದೇ ಹಗ್ಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನೇತಾಡುತ್ತಿವೆ, ಹಳೆಯದು ಮುಂದೆ. ಮುಂದೆ ಬರುವ ಟ್ರೇನಿ ಟೀಚರಿಗೆ ಫೋಟೋ, ಚಿತ್ರ, ವಾಕ್ಯಗಳ ಫೈಲ್ ಬಿಟ್ಟು ಬಂದಿದ್ದೀನಿ. ಮೇಲೆ ಎರಡು ಕೆಲಸ ಬರೆದಿಟ್ಟಿದ್ದೀನಿ: ಅನ್‌ಲೆಸ್, ಮತ್ತೆ ಫೋನಿನಲ್ಲಿ ಬರುವ ಫಾಲ್ಟ್ ಕಂಪ್ಲೇಂಟ್ ಕೇಳಿಸಿಕೊಂಡು ಬರೆದುಕೊಳ್ಳೋದು. ಎರಡನೆಯದಕ್ಕೆ ನಾವು ಕೈಯೇ ಹಾಕಿಲ್ಲ.